ವೀಲ್ ನಟ್ಟು ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ, ಏನು ಮಾಡಲಿ?

ಹಿಂದಿನ ಸೀಟು
ಕಾರಿನ ಎಡಗಡೆ ಹಿಂದಿನ ಟೈರು ಪಂಕ್ಚರ್. ಮನೆ ಮುಂದೆಯೇ ನಿಂತಿದೆ, ಅವಸರವೇನಿಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇದೆ, ಜಾಕ್ ಇದೆ, ಕಾರಿನ ಜೊತೆ ಬಂದ ಎಲ್ ಆಕಾರದ ವೀಲ್ ಸ್ಪ್ಯಾನರ್ ಇದೆ. ಐದು ನಟ್ಟಿನಲ್ಲಿ ಎರಡು ಸಡಿಲವಾದವು. ಉಳಿದ ಮೂರು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಎರಡೂ ಕೈ ಹಾಕಿ ಎಳೆದರೆ ಸ್ಪ್ಯಾನರೇ ಬಾಗುತ್ತಿದೆ ಅನಿಸುತ್ತದೆ, ನಟ್ಟು ಇದ್ದಲ್ಲೇ ಇದೆ. ಹಿಂದಿನ ಸಲ ಟೈರ್ ಬದಲಿಸಿದವರು ಏರ್ ಗನ್ (ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಯಂತ್ರ) ಹಾಕಿ ಬಿಗಿದಿದ್ದರು. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯಬಹುದಾ? ಎಣ್ಣೆ ಬಿಡಲಾ? ಬೆಂಕಿ ತೋರಿಸಿದರೆ ತಾನಾಗಿ ಬಿಚ್ಚುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಗ್ರೀಸ್ ಕೈ
ಚಕ್ರ ಈಗ ನೆಲದ ಮೇಲಿದೆಯಾ, ಜಾಕ್ ಮೇಲಿದೆಯಾ?

ಹಿಂದಿನ ಸೀಟು
ನೆಲದ ಮೇಲೇ ಇದೆ ಸಾರ್. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ.

ಗ್ರೀಸ್ ಕೈ
ಒಳ್ಳೆಯದು, ಹಾಗೇ ಇರಲಿ. ಎಲ್ಲಾ ನಟ್ಟು ಸಡಿಲ ಆಗುವವರೆಗೆ ಜಾಕ್ ಮುಟ್ಟಬೇಡಿ. ಗೇರಿನಲ್ಲೂ ಹಾಕಿ, ಆಟೊಮ್ಯಾಟಿಕ್ ಆದರೆ ಪಿ. ಮುಂದಿನ ಬಲಗಡೆ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಎರಡು ಚಕ್ರವನ್ನು ಮಾತ್ರ ಹಿಡಿಯುತ್ತದೆ. ನೀವು ಎತ್ತುವುದೂ ಹಿಂದಿನದನ್ನೇ. ಎತ್ತಿದ ಮೇಲೆ ಒಂದೇ ಚಕ್ರದ ಹಿಡಿತ ಉಳಿಯುತ್ತದೆ, ಅದನ್ನು ನಂಬಿ ಕಾರಿನ ಪಕ್ಕ ಕೂರಬೇಡಿ.

ಇನ್ನು ನಟ್ಟು. ಸ್ಪ್ಯಾನರ್ ಬಾಯಿ ಪೂರ್ತಿ ಒಳಗೆ ಕೂತಿದೆಯಾ ಮೊದಲು ನೋಡಿ. ಅಲಾಯ್ ಚಕ್ರದ ಗುಳಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಸ್ಪ್ಯಾನರ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಶಕ್ತಿ ಹಾಕಿದಷ್ಟೂ ನಟ್ಟಿನ ಮೂಲೆ ಸವೆಯುತ್ತದೆ. ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆಯಿರಿ. ಆಮೇಲೆ ಸ್ಪ್ಯಾನರ್ ಹಿಡಿ ನಿಮ್ಮ ಎಡಕ್ಕೆ, ನೆಲಕ್ಕೆ ಸಮಾನವಾಗಿ ಬರುವ ಹಾಗೆ ಕೂರಿಸಿ. ಗಡಿಯಾರದ ಒಂಬತ್ತರ ಕಡೆ ಅಂದುಕೊಳ್ಳಿ. ಅಲ್ಲಿಂದ ಕೆಳಗೆ ಒತ್ತಿದರೆ ನಟ್ಟು ಬಿಚ್ಚುವ ದಿಕ್ಕಿಗೇ ತಿರುಗುತ್ತದೆ. ಎಳೆಯಬೇಡಿ, ಒತ್ತಿ. ಎಳೆಯುವುದು ತೋಳಿನ ಕೆಲಸ, ಒತ್ತುವುದಕ್ಕೆ ಮೈಭಾರ ಇದೆಯಲ್ಲ.

ಅರ್ಧ ಟ್ಯಾಂಕ್
ಕುಣಿಯುವುದರಲ್ಲಿ ತಪ್ಪೇನು? ನಾನು ಯಾವಾಗಲೂ ಸ್ಪ್ಯಾನರ್ ಮೇಲೆ ನಿಂತು ಎರಡು ಸಲ ಜಿಗಿಯುತ್ತೇನೆ, ಕೆಲಸ ಮುಗಿಯುತ್ತದೆ.

ಲೆಕ್ಕದ ಮೇಷ್ಟ್ರು
ನಿಲ್ಲುವುದು ಸರಿ, ಜಿಗಿಯುವುದು ಬೇಡ. ಲೆಕ್ಕ ಹೇಳುತ್ತೇನೆ. ಕಾರಿನ ಜೊತೆ ಕೊಡುವ ಸ್ಪ್ಯಾನರ್ ಸುಮಾರು 30 ಸೆಂಟಿಮೀಟರ್ ಉದ್ದ ಅಂದುಕೊಳ್ಳಿ. 65 ಕಿಲೋ ತೂಕದವರು ಅದರ ತುದಿಯಲ್ಲಿ ಸುಮ್ನೆ ನಿಂತರೇ ನಟ್ಟಿನ ಮೇಲೆ 190 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಸಣ್ಣ ಕಾರುಗಳಿಗೆ ಕಂಪನಿಯವರು ಹೇಳುವ ಬಿಗಿ ಸಾಮಾನ್ಯವಾಗಿ 80ರಿಂದ 120ರ ಒಳಗೆ. ಅಂದರೆ ಸರಿಯಾಗಿ ಬಿಗಿದ ನಟ್ಟು ನಿಂತರೇ ಬಿಚ್ಚಬೇಕು. ಬಿಚ್ಚಲಿಲ್ಲ ಅಂದರೆ ಜಾಸ್ತಿ ಬಿಗಿದಿದ್ದಾರೆ, ಇಲ್ಲವೇ ತುಕ್ಕು ಹಿಡಿದಿದೆ. ಅರ್ಧ ಇಂಚಿನ ಏರ್ ಗನ್‌ಗಳಲ್ಲಿ 400 ದಾಟುವಂಥವು ಬೇಕಾದಷ್ಟಿವೆ. ಗುಂಡಿ ಒತ್ತಿ ಹಿಡಿದುಕೊಂಡರೆ ಅದು ಎಲ್ಲಿ ನಿಲ್ಲುತ್ತದೋ ಹಿಡಿದವರಿಗೂ ಗೊತ್ತಿರುವುದಿಲ್ಲ.

ಜಿಗಿದಾಗ ಏನಾಗುತ್ತದೆ ಅಂದರೆ ಭಾರ ನೇರವಾಗಿ ಬೀಳುವುದಿಲ್ಲ, ಓರೆಯಾಗಿ ಬೀಳುತ್ತದೆ. ಸ್ಪ್ಯಾನರ್ ಬಾಯಿ ಸ್ವಲ್ಪ ವಾಲುತ್ತದೆ, ನಟ್ಟಿನ ಮೂಲೆ ಸವೆಯುತ್ತದೆ, ಸ್ಪ್ಯಾನರ್ ಹಾರುತ್ತದೆ. ಮೊಣಕಾಲಿನ ಕೆಳಗಿನ ಮೂಳೆಗೆ ಬಡಿದರೆ ಮುಂದಿನ ಚರ್ಚೆ ಬೇರೆ ವೈದ್ಯರ ಹತ್ತಿರ.

ನಿಧಾನಸ್ಥೆ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಉದ್ದ ಜಾಸ್ತಿ ಮಾಡಿ, ಜೋರು ಜಾಸ್ತಿ ಮಾಡಬೇಡಿ. ಸ್ಪ್ಯಾನರ್ ಹಿಡಿಗೆ ಗಟ್ಟಿ ಕಬ್ಬಿಣದ ಪೈಪು ತೂರಿಸಿ 60 ಸೆಂಟಿಮೀಟರ್ ಮಾಡಿದರೆ ಅದೇ ಮೈಭಾರಕ್ಕೆ ಎರಡು ಪಟ್ಟು ತಿರುಚು ಬಲ ಸಿಗುತ್ತದೆ. ನಾನು 50 ಕಿಲೋ ಕೂಡ ಇಲ್ಲ, ಪೈಪು ಇದ್ದರೆ ಕೈಯಲ್ಲಿ ಒತ್ತಿದರೇ ಸಾಕಾಗುತ್ತದೆ. ಪೈಪು ಹಿಡಿಯ ಬಾಗಿದ ಜಾಗದವರೆಗೂ ಒಳಗೆ ಹೋಗಬೇಕು. ತುದಿಗೆ ಮಾತ್ರ ಸಿಕ್ಕಿಸಿದರೆ ಜಾರುತ್ತದೆ. ಎಲ್ ಸ್ಪ್ಯಾನರ್ ವಾಲದ ಹಾಗೆ ಅದರ ತಲೆಯನ್ನು ಇನ್ನೊಂದು ಕೈಯಲ್ಲಿ ಚಕ್ರದ ಕಡೆಗೆ ಒತ್ತಿ ಹಿಡಿಯಿರಿ.

ಪ್ಲಸ್ ಆಕಾರದ ಸ್ಪ್ಯಾನರ್ ಸಿಕ್ಕರೆ ಇನ್ನೂ ಸುಲಭ. ಒಂದು ಕೈ ಒತ್ತುತ್ತದೆ, ಇನ್ನೊಂದು ಕೈ ಎತ್ತುತ್ತದೆ. ವಾಲುವ ಪ್ರಶ್ನೆಯೇ ಇಲ್ಲ.

ದಾರಿಹೋಕ
ಜಾಕ್ ಉಪಾಯ ಯಾರೂ ಹೇಳಲಿಲ್ಲವಲ್ಲ! ಸ್ಪ್ಯಾನರ್ ಹಿಡಿಯನ್ನು ಬಲಗಡೆಗೆ, ಮೂರರ ಕಡೆ ಇಟ್ಟು, ಅದರ ತುದಿ ಕೆಳಗೆ ಜಾಕ್ ಕೊಟ್ಟು ನಿಧಾನಕ್ಕೆ ಏರಿಸಿ. ಕಾರನ್ನೇ ಎತ್ತುವ ಜಾಕಿಗೆ ಒಂದು ನಟ್ಟು ಯಾವ ಲೆಕ್ಕ?

ಗ್ರೀಸ್ ಕೈ
ಕೆಲಸ ಮಾಡುತ್ತದೆ, ನೋಡಿದ್ದೇನೆ. ಆದರೂ ನಾನು ಹೇಳಿಕೊಡುವುದಿಲ್ಲ. ಕೈಯಲ್ಲಿ ಒತ್ತುವಾಗ ನಟ್ಟು ಏನು ಹೇಳುತ್ತಿದೆ ಅಂತ ಗೊತ್ತಾಗುತ್ತದೆ. ಜಾಕಿಗೆ ಅದು ಗೊತ್ತಾಗುವುದಿಲ್ಲ. ಸ್ಟಡ್, ಅಂದರೆ ನಟ್ಟು ಕೂರುವ ಬೋಲ್ಟ್, ತುಂಡಾಗುವವರೆಗೂ ಅದು ಏರುತ್ತಲೇ ಇರುತ್ತದೆ. ಮಧ್ಯದಲ್ಲಿ ಸ್ಪ್ಯಾನರ್ ಜಾರಿದರೆ ಬಿಲ್ಲಿನಿಂದ ಬಿಟ್ಟ ಹಾಗೆ ಹಾರುತ್ತದೆ.

ನಟ್ಟು ಹೇಳುವುದು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಳ್ಳೆಯ ಬಿಚ್ಚುವಿಕೆಗೆ ಒಂದು ಸದ್ದಿದೆ. ಏನೂ ಅಲ್ಲಾಡದೆ ಗಟ್ಟಿಯಾಗಿ ನಿಂತಿರುತ್ತದೆ, ಒಮ್ಮೆಲೇ ‘ಟಕ್’ ಅಂತ ಒಣ ಸದ್ದು ಬರುತ್ತದೆ, ಸ್ಪ್ಯಾನರ್ ಒಂದು ಬೆರಳಷ್ಟು ಇಳಿಯುತ್ತದೆ. ಅದು ಬಂದರೆ ಗೆದ್ದಿರಿ. ಆಮೇಲೆ ‘ಕಿರ್ರ್’ ಅನ್ನುತ್ತಾ ಬಂದರೂ ಪರವಾಗಿಲ್ಲ, ತುಕ್ಕು ಕೂಗುತ್ತಿದೆ ಅಷ್ಟೇ. ಸದ್ದೇ ಇಲ್ಲದೆ ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ಬರುತ್ತಿದ್ದರೆ ಅಲ್ಲೇ ನಿಲ್ಲಿಸಿ. ಒಂದೋ ಸ್ಪ್ಯಾನರ್ ಬಾಗುತ್ತಿದೆ, ಇಲ್ಲ ಮೂಲೆ ಸವೆಯುತ್ತಿದೆ, ಅಥವಾ ಸ್ಟಡ್ಡೇ ತಿರುಚಿಕೊಳ್ಳುತ್ತಿದೆ. ಕೈ ತೆಗೆದು, ಸ್ಪ್ಯಾನರ್ ಹೊರಗೆ ಎಳೆದು, ನಟ್ಟಿನ ಮೂಲೆ ನೋಡಿ ಮುಂದುವರಿಯಿರಿ.

ಉಪ್ಪುಗಾಳಿ
ಸಮುದ್ರದ ಹತ್ತಿರ ಇರುವವನು ನಾನು, ನಮಗೆ ತುಕ್ಕಿನ ನಟ್ಟು ದಿನನಿತ್ಯದ ವಿಷಯ. ಪೆನೆಟ್ರೇಟಿಂಗ್ ಆಯಿಲ್ ಅಂತ ಕೇಳಿ ತನ್ನಿ. ಡಬ್ಲ್ಯೂಡಿ-40 ಇದ್ದರೆ ಅದೂ ಆಗುತ್ತದೆ. ಆದರೆ ಅದು 1953ರಲ್ಲಿ ಲೋಹದ ಮೇಲಿನ ತೇವ ಹೊರದೂಡಿ ತುಕ್ಕು ತಡೆಯಲು ಹುಟ್ಟಿದ ದ್ರವ. ಹಿಡಿದ ನಟ್ಟು ಬಿಡಿಸಲೆಂದೇ ಮಾಡಿದ ಎಣ್ಣೆ ಅದಕ್ಕಿಂತ ಚೆನ್ನಾಗಿ ಒಳಗಿಳಿಯುತ್ತದೆ. ಅಡುಗೆ ಎಣ್ಣೆ, ಇಂಜಿನ್ ಆಯಿಲ್ ದಪ್ಪ, ಸಂದಿಗೆ ಹೋಗುವುದಿಲ್ಲ.

ಹಾಕಿದ ತಕ್ಷಣ ತಿರುಗಿಸಲು ಹೋಗಬೇಡಿ. 15-20 ನಿಮಿಷ ಬಿಡಿ, ನಡುವೆ ಸುತ್ತಿಗೆಯಿಂದ ನಟ್ಟಿನ ತಲೆಗೆ ಮೆಲ್ಲಗೆ ನಾಲ್ಕು ಏಟು ಕೊಡಿ. ಏಟಿನ ಕಂಪನಕ್ಕೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆಗೆ ದಾರಿ ಆಗುತ್ತದೆ. ಮೆಲ್ಲಗೆ ಅಂದೆ, ಬೇರಿಂಗ್ ಹಿಂದೆಯೇ ಇದೆ.

ಹಿಂದಿನ ಸೀಟು
ನನ್ನ ನಟ್ಟು ಟೋಪಿ ಹಾಕಿದ ಹಾಗೆ ಮುಂದೆ ಮುಚ್ಚಿದೆ. ಎಣ್ಣೆ ಎಲ್ಲಿಗೆ ಬಿಡುವುದು?

ಉಪ್ಪುಗಾಳಿ
ಅದೇ ಕಷ್ಟ. ಬಾಯಿ ತೆರೆದ ನಟ್ಟಾದರೆ ಸ್ಟಡ್ ತುದಿಗೆ ಹೊಡೆದರೆ ಥ್ರೆಡ್ಡಿಗೆ (ನಟ್ಟು ತಿರುಗುವ ಸುರುಳಿ ಗೆರೆಗೆ) ನೇರ ಇಳಿಯುತ್ತದೆ. ಮುಚ್ಚಿದ ನಟ್ಟಿಗೆ ಎದುರಿನಿಂದ ಹೊಡೆದರೆ ಹೊಳಪು ಬರುತ್ತದೆ, ಬೇರೇನೂ ಆಗುವುದಿಲ್ಲ. ನಟ್ಟಿನ ಬುಡ ಚಕ್ರಕ್ಕೆ ತಾಗುವ ಜಾಗಕ್ಕೆ ಹೊಡೆಯಿರಿ. ಅಲ್ಲಿ ಕೋನ್ ಆಕಾರದ ಸೀಟ್ ಇರುತ್ತದೆ. ಎಷ್ಟೋ ಸಲ ಹಿಡಿದುಕೊಂಡಿರುವುದೂ ಅಲ್ಲೇ, ಥ್ರೆಡ್ಡಿನಲ್ಲಲ್ಲ. ಡಬ್ಬಿಯ ಜೊತೆ ಬರುವ ತೆಳ್ಳಗಿನ ಕೊಳವೆ ಸಿಕ್ಕಿಸಿಕೊಂಡು ಅಲ್ಲಿಗೇ ಗುರಿ ಇಡಿ. ಎರಚಬೇಡಿ, ಬ್ರೇಕಿನ ಡಿಸ್ಕಿಗೆ ಅಥವಾ ಡ್ರಮ್ಮಿನ ಒಳಗೆ ಹೋದರೆ ಬ್ರೇಕ್ ಹಿಡಿಯುವುದಿಲ್ಲ.

ಅರ್ಧ ಟ್ಯಾಂಕ್
ಬೆಂಕಿ ವಿಷಯ ಯಾರೂ ಹೇಳಲಿಲ್ಲ. ವರ್ಕ್‌ಶಾಪಿನಲ್ಲಿ ಗ್ಯಾಸ್ ಕಟರ್ ಬಳಸುತ್ತಾರಲ್ವಾ? ಕಾದ ನಟ್ಟು ಹಿಗ್ಗುತ್ತದೆ, ಸಡಿಲ ಆಗುತ್ತದೆ. ಶಾಲೆಯಲ್ಲೇ ಓದಿದ್ದು.

ಗ್ರೀಸ್ ಕೈ
ಬೇಡ. ಬೇಡವೇ ಬೇಡ. ಬೆಂಚಿನ ಮೇಲಿಟ್ಟ ಬೋಲ್ಟಿಗೆ ಅದು ಸರಿ. ಟೈರು ಕೂತಿರುವ ಚಕ್ರಕ್ಕೆ ಬೆಂಕಿ ತೋರಿಸಿದರೆ ಒಳಗಿನ ರಬ್ಬರ್ ಬಿಸಿಗೆ ಕೆಟ್ಟು, ಬೆಂಕಿ ಹತ್ತಿಕೊಳ್ಳುವ ಅನಿಲ ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಒತ್ತಡ ಏರುತ್ತಿರುತ್ತದೆ. ಬೆಂಕಿ ಆರಿಸಿದ ಎಷ್ಟೋ ಹೊತ್ತಿನ ಮೇಲೂ ಟೈರು ಸಿಡಿಯಬಹುದು. ಲಾರಿ ಚಕ್ರಕ್ಕೆ ಹೀಗೆ ಕಾಯಿಸಲು ಹೋಗಿ ಜೀವ ಹೋದ ಪ್ರಕರಣಗಳಿವೆ. ಗಾಳಿ ತೆಗೆದರೆ ಆಯಿತು ಅನ್ನುವುದೂ ಭರವಸೆಯಲ್ಲ. ಅದರ ಮೇಲೆ ಅಲಾಯ್‌ನ ಗಟ್ಟಿತನ ಬಿಸಿಗೆ ಕೆಡುತ್ತದೆ, ಬೇರಿಂಗಿನ ಗ್ರೀಸ್ ಕರಗುತ್ತದೆ, ಎಬಿಎಸ್ ಸೆನ್ಸರ್ ವೈರ್ ಸುಡುತ್ತದೆ. ಪಕ್ಕದ ಮನೆಯವರಿಗೆ ಕಾಫಿ ಕೊಟ್ಟು ಕಳುಹಿಸಿ.

ಹಿಂದಿನ ಸೀಟು
ಎಲ್ಲರಿಗೂ ಥ್ಯಾಂಕ್ಸ್. ಪೈಪು ಸಿಕ್ಕಿತು, ಎಣ್ಣೆ ಬಿಟ್ಟು ಕಾದೆ. ಮೂರರಲ್ಲಿ ಎರಡು ಬಂದವು, ಅದೇ ‘ಟಕ್’ ಸದ್ದು! ಕೊನೆಯದು ಮಾತ್ರ ಹಠ ಹಿಡಿದಿದೆ. ಸ್ಪ್ಯಾನರ್ ಅದರ ಮೇಲೆ ಸರಿಯಾಗಿ ಕೂರುವುದೇ ಇಲ್ಲ, ತುಸು ಬಿಗಿ ಅನಿಸುತ್ತದೆ. ಉಳಿದವಕ್ಕೆ 19 ಮಿಲಿಮೀಟರ್ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ, ಇದಕ್ಕೆ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ.

ಗ್ರೀಸ್ ಕೈ
ನಟ್ಟಿನ ಮೇಲೆ ಹೊಳೆಯುವ ತಗಡಿನ ಹೊದಿಕೆ ಇದೆಯಾ? ಕೀಲಿಯಿಂದ ಕೆರೆದು ನೋಡಿ.

ಹಿಂದಿನ ಸೀಟು
ಹೌದು, ಇದೆ. ಒಂದು ಮೂಲೆಯಲ್ಲಿ ಉಬ್ಬಿದೆ.

ಗ್ರೀಸ್ ಕೈ
ಅದೇ ಕಳ್ಳ. ಒಳಗೆ ಕಬ್ಬಿಣದ ನಟ್ಟು, ಹೊರಗೆ ಅಂದಕ್ಕೆ ತೆಳು ಸ್ಟೀಲಿನ ಟೋಪಿ. ನಡುವೆ ನೀರು ಹೋಗಿ ತುಕ್ಕು ಹಿಡಿದರೆ ತುಕ್ಕು ಜಾಗ ಜಾಸ್ತಿ ಕೇಳುತ್ತದೆ, ಟೋಪಿ ಉಬ್ಬುತ್ತದೆ. 19 ಇದ್ದದ್ದು ಹತ್ತೊಂಬತ್ತೂವರೆ ಆಗುತ್ತದೆ. 19 ಕೂರುವುದಿಲ್ಲ, 20 ಹಾಕಿದರೆ ಸಡಿಲ.

ಮೊದಲು ಒಂದು ಕೆಲಸ ಮಾಡಿ. ಸಡಿಲ ಮಾಡಿದ ನಾಲ್ಕನ್ನೂ ವಾಪಸ್ ಸಾಧಾರಣ ಬಿಗಿಗೆ ತನ್ನಿ. ಹುಚ್ಚು ಅನಿಸಬಹುದು. ನಾಲ್ಕೂ ಸಡಿಲ ಇದ್ದಾಗ ಚಕ್ರ ಹಿಡಿಯುವ ಭಾರವೆಲ್ಲ ಆ ಒಂದೇ ನಟ್ಟಿನ ಮೇಲೆ ಬೀಳುತ್ತದೆ, ಅದು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಕ್ಕಪಕ್ಕದವು ಭಾರ ಹಂಚಿಕೊಂಡರೆ ಅದಕ್ಕೆ ಸ್ವಲ್ಪ ಉಸಿರು ಬರುತ್ತದೆ.

ಆಮೇಲೆ ಆರು ಮೂಲೆಯ ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲಿನಂಥ ಸ್ಪ್ಯಾನರ್ ಬಾಯಿ) ಹುಡುಕಿ. ಹನ್ನೆರಡು ಮೂಲೆಯದ್ದು ಬೇಡ. ಹನ್ನೆರಡರದ್ದು ನಟ್ಟಿನ ತುದಿಯನ್ನು ಮಾತ್ರ ಹಿಡಿಯುತ್ತದೆ, ಆರರದ್ದು ಬದಿಯನ್ನು ಹಿಡಿಯುತ್ತದೆ. ಉಳಿ ಇಟ್ಟು ಟೋಪಿಯ ಅಂಚು ಸೀಳಿ ಕಿತ್ತು ಹಾಕಿ. ಒಳಗಿನ ನಟ್ಟು ಚಿಕ್ಕದಿರುತ್ತದೆ, 18 ಅಥವಾ 17. ಯಾವುದು ಬಿಗಿಯಾಗಿ ಕೂರುತ್ತದೋ ಅದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ. ಉದ್ದ ಹಿಡಿಯ ಬ್ರೇಕರ್ ಬಾರ್ ಸಿಕ್ಕರೆ ಅದಕ್ಕೆ ಹಾಕಿ. ರ್‍ಯಾಚೆಟ್ ಬೇಡ, ಅದರ ಒಳಗಿನ ಹಲ್ಲು ಹೋಗುತ್ತದೆ. ಟಾರ್ಕ್ ರೆಂಚಿನಿಂದಲೂ ಬಿಚ್ಚಬೇಡಿ, ಅದು ಬಿಗಿ ಅಳೆಯುವ ಸಾಧನ, ಅಳತೆ ಕೆಡುತ್ತದೆ.

ದಾರಿಹೋಕ
ಮೂಲೆಯೇ ಉಳಿಯದೆ ಗುಂಡಗಾಗಿದ್ದರೆ ಒಳಗಡೆ ತಿರುಚು ಗೆರೆ ಇರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಬರುತ್ತದೆ. ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಕಚ್ಚುತ್ತದೆ. ಒಂದು ಸಲ ಬಳಸಿದ ಮೇಲೆ ಆ ನಟ್ಟು ಎಸೆಯುವುದೇ. ಕಳ್ಳರು ಬಿಚ್ಚದ ಹಾಗೆ ಹಾಕುವ ಲಾಕ್ ನಟ್ಟಿನ ಕೀಲಿ ಕಳೆದುಕೊಂಡವರಿಗೂ ಇದೇ ಗತಿ. ಆ ಕೀಲಿ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನಲ್ಲೋ ಸ್ಟೆಪ್ನಿ ಗುಂಡಿಯಲ್ಲೋ ಇರುತ್ತದೆ, ಮೊದಲು ಅಲ್ಲಿ ಹುಡುಕಿ.

ಹದಿನಾರು ಚಕ್ರ
ಲಾರಿಯವನ ಒಂದು ಮಾತು. ತಿರುಗಿಸುವ ದಿಕ್ಕು ಖಾತ್ರಿ ಮಾಡಿಕೊಳ್ಳಿ. ಈಗಿನ ಕಾರುಗಳಲ್ಲಿ ಎಲ್ಲವೂ ಬಲ ಥ್ರೆಡ್, ಗಡಿಯಾರಕ್ಕೆ ಎದುರು ತಿರುಗಿಸಿದರೆ ಬಿಚ್ಚುತ್ತದೆ. ಆದರೆ ಹಳೆಯ ಮಾದರಿಯ ಲಾರಿ ಚಕ್ರಗಳಲ್ಲಿ ಎಡಗಡೆ ನಟ್ಟುಗಳಿಗೆ ಎಡ ಥ್ರೆಡ್ ಇರುತ್ತಿತ್ತು. ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲೂ 1970ರ ಆಸುಪಾಸಿನವರೆಗೆ ಹಾಗೇ ಇತ್ತು. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಅಕ್ಷರ ಕೊರೆದಿದೆಯಾ ನೋಡಿದರೆ ಗೊತ್ತಾಗುತ್ತದೆ. ಗೊತ್ತಿಲ್ಲದವರು ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿದು ಸ್ಟಡ್ ಮುರಿಯುತ್ತಾರೆ. ಹಳೇ ಗಾಡಿ ಹವ್ಯಾಸದವರು ನೆನಪಿಡಿ.

ಹಿಂದಿನ ಸೀಟು
ಬಂತು!! ಟೋಪಿ ಕಿತ್ತೆ, 18ರ ಸಾಕೆಟ್ ಹೊಡೆದು ಕೂರಿಸಿದೆ, ಪೈಪು ಒತ್ತಿದೆ. ಮೊದಲು ಸ್ವಲ್ಪ ಬಿಗಿಯುವ ಕಡೆಗೆ ಒಂದು ಸಣ್ಣ ತಳ್ಳು ಕೊಟ್ಟು ಆಮೇಲೆ ಬಿಚ್ಚಿದೆ, ಹಾಗೆ ಮಾಡಬೇಕು ಅಂತ ಎಲ್ಲೋ ಕೇಳಿದ್ದೆ. ಈಗ ಐದೂ ಕೈಯಲ್ಲಿ ತಿರುಗುವಷ್ಟಾಗಿ, ಎತ್ತಿ, ಬಿಚ್ಚಿಯೂ ಆಯಿತು. ಚಕ್ರ ಮಾತ್ರ ಹೊರಗೆ ಬರುತ್ತಿಲ್ಲ! ನಟ್ಟೇ ಇಲ್ಲ, ಆದರೂ ಅಂಟಿಕೊಂಡು ಕೂತಿದೆ.

ಉಪ್ಪುಗಾಳಿ
ಹಹ್ಹಾ, ಎರಡನೇ ಅಂಕ. ಅಲಾಯ್ ಚಕ್ರ ಅಲ್ಯೂಮಿನಿಯಂ, ಅದು ಕೂರುವ ಹಬ್ ಕಬ್ಬಿಣ. ನಡುವೆ ತೇವ ಸೇರಿದರೆ ಎರಡು ಲೋಹ ಸೇರಿ ತುಕ್ಕು ಹಿಡಿದು ಅಂಟು ಹಾಕಿದ ಹಾಗೆ ಆಗುತ್ತದೆ. ಕಾರು ಜಾಕ್ ಮೇಲಿರುವಾಗ ಒದೆಯಬೇಡಿ. ಮಡಚುವ ಸಣ್ಣ ಜಾಕ್ ಪಕ್ಕಕ್ಕೆ ವಾಲಿದರೆ ಕಾರು ಬೀಳುತ್ತದೆ.

ಐದೂ ನಟ್ಟು ವಾಪಸ್ ಹಾಕಿ, ಬೆರಳಲ್ಲಿ ತಿರುಗಿಸಿ, ಪೂರ್ತಿ ಬಿಗಿಯದೆ ಒಂದು ಸುತ್ತು ಸಡಿಲ ಬಿಡಿ. ಜಾಕ್ ಇಳಿಸಿ. ಈಗ ಕಾರಿನ ಭಾರ ಚಕ್ರದ ಮೇಲೆ ಬರುತ್ತದೆ. ಕಲ್ಲು ತೆಗೆದು ಕಾರನ್ನು ಒಂದೆರಡು ಅಡಿ ಹಿಂದೆ, ಒಂದೆರಡು ಅಡಿ ಮುಂದೆ ಬಿಟ್ಟು ಬ್ರೇಕ್ ಒತ್ತಿ. ‘ಪಟ್’ ಅಂತ ಬಿಡುತ್ತದೆ. ಅಷ್ಟೇ ದೂರ, ರಸ್ತೆಗೆ ಹೋಗಬೇಡಿ.

ನಿಧಾನಸ್ಥೆ
ಮತ್ತೆ ಎತ್ತುವಾಗ ಕಲ್ಲು ವಾಪಸ್ ಇಡುವುದು ಮರೆಯಬೇಡಿ. ಬಿಚ್ಚಿದ ಚಕ್ರವನ್ನು ಕಾರಿನ ತಳಕ್ಕೆ, ಜಾಕಿನ ಪಕ್ಕ ಮಲಗಿಸಿ. ಜಾಕ್ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ, ನಿಮ್ಮ ಕೈ ಮೇಲಲ್ಲ.

ಅರ್ಧ ಟ್ಯಾಂಕ್
ಸ್ಟೆಪ್ನಿ ಹಾಕುವಾಗ ಥ್ರೆಡ್ಡಿಗೆ ಚೆನ್ನಾಗಿ ಗ್ರೀಸ್ ಬಳಿಯಿರಿ. ಮುಂದಿನ ಸಲ ಈ ಗೋಳೇ ಇರುವುದಿಲ್ಲ.

ಲೆಕ್ಕದ ಮೇಷ್ಟ್ರು
ಇಲ್ಲಿ ನನ್ನ ತಕರಾರಿದೆ. ನಟ್ಟು ಬಿಗಿಯುವಾಗ ಹಾಕುವ ಶಕ್ತಿಯಲ್ಲಿ ಸುಮಾರು 90 ಪಾಲು ಉಜ್ಜಾಟಕ್ಕೇ ಹೋಗುತ್ತದೆ. ಅರ್ಧದಷ್ಟು ನಟ್ಟಿನ ಬುಡದಲ್ಲಿ, ಉಳಿದದ್ದು ಥ್ರೆಡ್ಡಿನಲ್ಲಿ. ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯಲು ಉಳಿಯುವುದು ನೂರಕ್ಕೆ ಹತ್ತರಷ್ಟು ಮಾತ್ರ. ಗ್ರೀಸ್ ಬಳಿದರೆ ಉಜ್ಜಾಟ ಕಮ್ಮಿಯಾಗುತ್ತದೆ, ಆ ಹತ್ತು ಏಕ್‌ದಂ ಏರುತ್ತದೆ. ಟಾರ್ಕ್ ರೆಂಚ್ ಅದೇ 100 ತೋರಿಸುತ್ತದೆ, ಸ್ಟಡ್ ಮಾತ್ರ ತಾಳುವುದಕ್ಕಿಂತ ಜಾಸ್ತಿ ಎಳೆದುಕೊಂಡಿರುತ್ತದೆ. ಹೆಚ್ಚಿನ ಕಾರುಗಳ ಮ್ಯಾನುಯಲ್‌ನಲ್ಲಿ ಕೊಟ್ಟ ಅಂಕಿ ಒಣ ಥ್ರೆಡ್ಡಿಗೆ.

ಹದಿನಾರು ಚಕ್ರ
ಮೇಷ್ಟ್ರೇ, ಎಲ್ಲಾ ಕಡೆ ಒಣ ಅಲ್ಲ. ವಾಷರ್ ಬೇರೆಯಾಗಿ ತಿರುಗುವ ಎರಡು ತುಂಡಿನ ನಟ್ಟುಗಳಿಗೆ, ನಟ್ಟು ಮತ್ತು ವಾಷರ್ ನಡುವೆ ಒಂದು ಹನಿ ಎಣ್ಣೆ ಬಿಡಿ ಅಂತ ದೊಡ್ಡ ಗಾಡಿಗಳ ಮ್ಯಾನುಯಲ್ಲೇ ಹೇಳುತ್ತದೆ.

ಲೆಕ್ಕದ ಮೇಷ್ಟ್ರು
ಒಪ್ಪಿದೆ. ಮ್ಯಾನುಯಲ್ ಹೇಳಿದರೆ ಬಿಡಿ, ಹೇಳದಿದ್ದರೆ ಬೇಡ.

ಗ್ರೀಸ್ ಕೈ
ಹೆಸರು ಗ್ರೀಸ್ ಕೈ ಆದರೂ ಈ ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ. ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಿಟ್ಟ ಎಣ್ಣೆ ಬಟ್ಟೆಯಿಂದ ಒರೆಸಿ. ಚಕ್ರ ಅಂಟಿಕೊಂಡ ಹಬ್ಬಿನ ಮುಖವನ್ನೂ ಉಜ್ಜಿ, ನಡುವಿನ ಉಬ್ಬಿಗೆ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಒಂದು ಕೈ. ಅಲ್ಲಿ ಹಾಕಿದರೆ ಬಿಗಿಗೆ ಸಂಬಂಧವಿಲ್ಲ, ಚಕ್ರ ಅಂಟುವುದು ತಪ್ಪುತ್ತದೆ. ಸ್ಟಡ್ಡಿಗೆ, ಡಿಸ್ಕಿಗೆ ತಾಗಿಸಬೇಡಿ.

ನಟ್ಟುಗಳನ್ನು ಮೊದಲು ಬೆರಳಲ್ಲೇ ಕೊನೆವರೆಗೆ ತಿರುಗಿಸಿ. ಆಮೇಲೆ ನಕ್ಷತ್ರ ಬಿಡಿಸುವ ಹಾಗೆ ಒಂದು ಬಿಟ್ಟು ಒಂದು ಬಿಗಿಯುತ್ತಾ ಬನ್ನಿ. ಕೊನೆಯ ಬಿಗಿ ಚಕ್ರ ನೆಲಕ್ಕೆ ತಾಗಿದ ಮೇಲೆ, ಟಾರ್ಕ್ ರೆಂಚಿನಲ್ಲಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ಅದೇ ಅಂಕಿಗೆ ಪರೀಕ್ಷಿಸಿ. ಟೈರ್ ಬದಲಿಸುವವರ ಹತ್ತಿರ ಹೋದಾಗ ಗನ್ ಬೇಡ, ಕೊನೆ ಬಿಗಿ ಕೈಯಲ್ಲೇ ಹಾಕಿ ಅಂತ ಕೇಳಿ. ಮುಖ ಸಿಂಡರಿಸಿದರೂ ಪರವಾಗಿಲ್ಲ.

ಹಿಂದಿನ ಸೀಟು
ಚಕ್ರ ಬಂತು, ಹಿಂದೆ ಮುಂದೆ ಬಿಟ್ಟಿದ್ದಕ್ಕೆ ಬಿಟ್ಟುಕೊಂಡಿತು. ಸ್ಟೆಪ್ನಿ ಕೂತಿದೆ. ಒಂದು ಅನುಮಾನ: ಹಠ ಮಾಡಿದ ಆ ಸ್ಟಡ್ಡಿಗೆ ನಟ್ಟು ಬೆರಳಲ್ಲಿ ಅರ್ಧದವರೆಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬೇರೆ ನಟ್ಟು ಹಾಕಿ ನೋಡಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಲಾ?

ಗ್ರೀಸ್ ಕೈ
ತಿರುಗಿಸಬೇಡಿ. ಬೇರೆ ನಟ್ಟೂ ಅಲ್ಲೇ ನಿಂತರೆ ತಪ್ಪು ಸ್ಟಡ್ಡಿನದ್ದು. ಏರ್ ಗನ್ ಬಿಗಿತಕ್ಕೆ ಅದು ಎಳೆದುಕೊಂಡಿದೆ, ಥ್ರೆಡ್ಡಿನ ಅಂತರ ಅಲ್ಲಿ ಬದಲಾಗಿದೆ. ಒಂದು ಸ್ಕೇಲ್ ಪಕ್ಕಕ್ಕೆ ಹಿಡಿದು ನೋಡಿ, ನಡು ಸಣ್ಣಗಾಗಿದ್ದು ಕಣ್ಣಿಗೇ ಕಾಣಬಹುದು. ಉಳಿದ ನಾಲ್ಕನ್ನು ಸರಿಯಾಗಿ ಬಿಗಿದು, ನಿಧಾನಕ್ಕೆ ಹತ್ತಿರದ ಮೆಕ್ಯಾನಿಕ್‌ವರೆಗೆ ಮಾತ್ರ ಹೋಗಿ. ಹೆದ್ದಾರಿ ಬೇಡ, ಭಾರ ಬೇಡ. ಸ್ಟಡ್ ಹಬ್ಬಿಗೆ ಹಲ್ಲು ಕಚ್ಚಿ ಕೂತಿರುತ್ತದೆ. ಹಳೆಯದನ್ನು ಹಿಂದಕ್ಕೆ ಒತ್ತಿ ತೆಗೆದು ಹೊಸದು ಎಳೆದು ಕೂರಿಸುತ್ತಾರೆ, ದೊಡ್ಡ ಕೆಲಸವಲ್ಲ.

ಹಿಂದಿನ ಸೀಟು
ಸರಿ ಸಾರ್. ಹಾಗಾದರೆ ಟೋಪಿ ಇಲ್ಲದ, ಒಂದೇ ತುಂಡಿನ ನಟ್ಟು ಐದೂ ಹೊಸದು ಹಾಕಿಸುತ್ತೇನೆ. ಏನು ಅಳತೆ ಕೇಳಬೇಕು?

ಗ್ರೀಸ್ ಕೈ
ಸ್ಪ್ಯಾನರ್ ಅಳತೆ ಹೇಳಿದರೆ ಸಾಕಾಗುವುದಿಲ್ಲ. 19ರ ನಟ್ಟಿನ ಒಳಗೆ ಬೇರೆ ಬೇರೆ ಥ್ರೆಡ್ ಇರುತ್ತದೆ. ಕಾರುಗಳಲ್ಲಿ ಜಾಸ್ತಿ ಸಿಗುವುದು ಎಂ12, ಅಂದರೆ 12 ಮಿಲಿಮೀಟರ್ ದಪ್ಪದ ಸ್ಟಡ್ಡಿನದ್ದು, ಅದರಲ್ಲೂ ಗೆರೆಗಳ ಅಂತರ 1.5 ಮತ್ತು 1.25 ಮಿಲಿಮೀಟರ್ ಅಂತ ಎರಡು ಬಗೆ. ದೊಡ್ಡ ಗಾಡಿಗೆ ಎಂ14. ಎರಡು ಸುತ್ತು ಹೋಗಿ ಬಿಗಿಯಾದರೆ ತಪ್ಪು ಬಗೆ ಅಂತ ಅರ್ಥ, ಒತ್ತಾಯ ಮಾಡಿದರೆ ಹೊಸ ಸ್ಟಡ್ಡೂ ಹೋಗುತ್ತದೆ. ಬುಡದ ಆಕಾರವೂ ನೋಡಬೇಕು. ಕೆಲವಕ್ಕೆ ಕೋನ್, ಕೆಲವಕ್ಕೆ ಉಂಡೆಯ ಹಾಗೆ ದುಂಡು, ಕೆಲವಕ್ಕೆ ಚಪ್ಪಟೆ ವಾಷರ್. ಚಕ್ರದ ಗುಳಿಗೆ ಹೊಂದದ ಬುಡ ಹಾಕಿದರೆ ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಸ್ಟೆಪ್ನಿ ಕಬ್ಬಿಣದ್ದು, ಉಳಿದವು ಅಲಾಯ್ ಅಂದರೆ ಎರಡಕ್ಕೂ ಅದೇ ನಟ್ಟು ನಡೆಯುತ್ತದಾ ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಹಳೆಯ ನಟ್ಟು ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಟೋಪಿ ಕಿತ್ತದ್ದಲ್ಲ, ಚೆನ್ನಾಗಿರುವುದನ್ನು.